ನಾದಿನಿ ಬಂದ ಮೇಲೆ ಬ್ಯಾಳಿ ಗಟ್ಟಿಯಾಯಿತು

ನನ್ನ ಗಂಡನ ತಂಗಿ ಅಫಜಲಪುರದ ಬಾಡಿಗೆ ಮನೆ ಬಿಟ್ಟು ಆಳಂದದ ನನ್ನ ಮನೆಗೆ ಬಂದದ್ದು ದೀಪಾವಳಿ ಮುಗಿದ ವಾರ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ನನಗೆ ನನ್ನದೇ ಪಿಂಚಣಿ. ಅವಳ ಗಂಡ ಸರಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಅವರು ಹೋದ ಮೇಲೆ ಅವರ ಪಿಂಚಣಿಯ ಒಂದು ಪಾಲು ಅವಳಿಗೆ ಬರುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ, ನನ್ನ ಮಗಳು ಮದುವೆಯಾಗಿ ದೂರವಿದ್ದಳು. ಮನೆಯ ಮಾಲಕರು ಬಾಡಿಗೆ ಏರಿಸುತ್ತೇವೆ ಎಂದಾಗ ನನಗೆ ಫೋನು ಮಾಡಿದಳು.

"ವೈನಿ, ನಿಮ್ಮ ಮನ್ಯಾಗ ಮುಂದಿನ ಖೋಲಿ ಖಾಲಿನೇ ಅದ ಅಲ್ರಿ?"

"ಅದ."

"ನಾ ಬಂದಿದ್ರ ನಡೀತದೇನ್ರಿ?"

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ನಾವಿಬ್ಬರೂ ಅಷ್ಟು ವರ್ಷ ಹಬ್ಬಕ್ಕೆ, ಮದುವೆಗೆ ಸೇರಿ, ಉಡಿ ತುಂಬಿಸಿಕೊಂಡು ನಗುನಗುತ್ತಾ ಬೇರೆಯಾದವರೇ ಹೊರತು ಒಂದೇ ಮನೆಯಲ್ಲಿ ಒಂದು ತಿಂಗಳು ಕೂಡಿ ಇದ್ದದ್ದಿಲ್ಲ. ನಾನು ಮದುವೆಯಾಗಿ ಬಂದ ವರ್ಷವೇ ಅವಳು ಮದುವೆಯಾಗಿ ಹೋದಳು. ಅವಳ ಕೈ ಧಾರಾಳ ಎಂದು ಅತ್ತೆ ಹೇಳುತ್ತಿದ್ದರು. ನನ್ನ ಕೈ ಬಿಗಿ ಎಂದೂ ಅವರೇ ಹೇಳುತ್ತಿದ್ದರು. ಆದರೂ ಒಂದು ಗ್ಯಾಸು, ಒಂದು ಹಾಲಿನ ಪಾಕೀಟು, ಒಂದು ಪೇಪರು ಇಬ್ಬರಿಗೆ ಸಾಕಾಗುತ್ತದಲ್ಲ ಎನ್ನಿಸಿತು. ಬಾ ಎಂದೆ.

ಟೆಂಪೋದಲ್ಲಿ ಬಂದಳು. ಒಂದು ಟ್ರಂಕು, ಎರಡು ಗಂಟು, ಅವುಗಳ ಜೊತೆ ಎದೆಯೆತ್ತರದ ಫ್ರಿಜ್. ಅದನ್ನು ನೋಡಿದ ಕೂಡಲೇ ನನ್ನ ಕಣ್ಣು ಗೋಡೆಯ ಮೀಟರಿನ ಕಡೆ ಹೋಯಿತು. ಮನೆಗಳಿಗೆ ಪುಕ್ಕಟೆ ಕರೆಂಟು ಬಂದಾಗ, ಹಿಂದಿನ ವರ್ಷ ಎಷ್ಟು ಬಳಸಿದ್ದೀರೋ ಅದರ ಲೆಕ್ಕದ ಮೇಲೆಯೇ ಕೊಡುತ್ತೇವೆ ಎಂದಿದ್ದರು. ಸಂಜೆ ಒಂದೇ ದೀಪ ಹಚ್ಚಿ, ಫ್ಯಾನು ತಿರುಗಿಸದೆ ಅಂಗಳದಲ್ಲಿ ಮಲಗಿದವಳು ನಾನು. ಹೀಗಾಗಿ ಇಡೀ ಓಣಿಯಲ್ಲಿ ಎಲ್ಲರಿಗಿಂತ ಕಡಿಮೆ ಪುಕ್ಕಟೆ ಕರೆಂಟು ಸಿಕ್ಕಿದ್ದು ನನಗೆ. ಫ್ರಿಜ್ ಹಚ್ಚಿದ ಮೊದಲ ತಿಂಗಳೇ ಬಿಲ್ಲು ಬಂತು.

ಬಿಲ್ಲನ್ನು ಫ್ರಿಜ್ಜಿನ ಮೇಲೆಯೇ ಇಟ್ಟೆ. ಅವಳು ಅದನ್ನು ನೋಡಿ, ಮಡಚಿ, ಅಲ್ಲಿಯೇ ಇಟ್ಟಳು.

ಮಾತು ಬಂದದ್ದು ಚಹಾದಲ್ಲಿ. ಮುಂಜಾನೆ ಕುದಿಸಿದ ಚಹಾಪುಡಿಯನ್ನೇ ಮಧ್ಯಾಹ್ನ ಇನ್ನೊಮ್ಮೆ ಕುದಿಸುವುದು ನನ್ನ ರೂಢಿ. ಅವಳು ಒಂದು ಗುಟುಕು ಕುಡಿದು ಕಪ್ಪನ್ನು ಬೆಳಕಿಗೆ ಹಿಡಿದಳು.

"ವೈನಿ, ಇದು ಚಹಾ ಅಲ್ರಿ. ಚಹಾದ ನೆಳ್ಳು."

ಆಮೇಲೆ ಅವಳ ತಿರುಗಾಟ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಇವತ್ತು ಅಫಜಲಪುರದ ಸಂತೆ, ನಾಳೆ ಕಡಗಂಚಿಯಲ್ಲಿ ಯಾರೋ ಬಸುರಿಯ ಕುಬಸ, ನಾಡಿದ್ದು ಕಲಬುರಗಿ. ಟಿಕೆಟ್ಟಿಗೆ ರೊಕ್ಕ ಹತ್ತದಿದ್ದರೇನು, ಹೋದಲ್ಲಿ ಕೈ ಸುಮ್ಮನಿರುತ್ತದೆಯೇ ಎಂದು ನನ್ನ ಚಿಂತೆ. ಒಮ್ಮೆ ಬದನೆಕಾಯಿ ತಂದಳು, ಒಮ್ಮೆ ಬಿಸಿ ಮಿರ್ಚಿ ಭಜಿ ಕಾಗದದಲ್ಲಿ ಸುತ್ತಿಸಿಕೊಂಡು ಬಂದಳು. ಭಜಿ ತಣ್ಣಗಾಗಿತ್ತು. ಚೆನ್ನಾಗಿಯೂ ಇತ್ತು. ಎಷ್ಟು ಕೊಟ್ಟಿ ಎಂದಷ್ಟೇ ಕೇಳಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಜಗಳವೇ ಆಯಿತು. ನಾನು ಎಂದಿನಂತೆ ಒಂದು ಹಿಡಿ ತೊಗರಿಬೇಳೆಗೆ ಒಂದು ಚರಿಗೆ ನೀರು ಹಾಕಿ ಬ್ಯಾಳಿ ಮಾಡಿದ್ದೆ. ಅಂಗಡಿಯಲ್ಲಿ ಬೇಳೆಯ ದರ ಕೇಳಿದ ಮೇಲೆ ಹಿಡಿ ಸಣ್ಣದಾಗುತ್ತಲೇ ಬಂದಿತ್ತು. ಅವಳು ರೊಟ್ಟಿ ಮುರಿದು ತಾಟಿನಲ್ಲಿ ಅದ್ದಿದಳು. ರೊಟ್ಟಿ ತೊಯ್ದಿತೇ ಹೊರತು ಬೇಳೆ ಹತ್ತಲಿಲ್ಲ.

"ತೊಗರಿ ಬೆಳಿಯೂ ಸೀಮ್ಯಾಗ ಹುಟ್ಟೇವ್ರಿ ವೈನಿ. ಇದರಾಗ ಬ್ಯಾಳಿ ಹುಡುಕಾಕ ಕನ್ನಡಕ ಬೇಕಾಗ್ತದ."

"ತುಟ್ಟಿ ಅದಬೇ. ನಿನ್ನಂಗ ಕೈ ಬಿಟ್ಟು ಖರ್ಚು ಮಾಡಿದ್ರ ತಿಂಗಳ ಕಡೀಕ ಏನು ತಿನ್ನೂದು? ನಿನ್ನ ಕೈಯಾಗ ರೊಕ್ಕ ಎಂದೂ ನಿಂತಿಲ್ಲ."

ಕೊನೆಯ ಮಾತು ಬೇಡವಾಗಿತ್ತು. ಅವಳು ಊಟ ಮುಗಿಸಿ, ತನ್ನ ತಾಟು ತೊಳೆದಿಟ್ಟು ಮುಂದಿನ ಖೋಲಿಗೆ ಹೋದಳು. ಅಂದಿನಿಂದ ಬೇಕು ಬೇಡ ಬಿಟ್ಟು ಬೇರೆ ಮಾತಿಲ್ಲ. ಮುಂಜಾನೆ ಎದ್ದವಳೇ ಬಸ್ಸಿಗೆ ಹೋಗುತ್ತಿದ್ದಳು. ಇನ್ನೇನು ಟ್ರಂಕು ಕಟ್ಟುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಒಂದು ಸಂಜೆ ಬಾಗಿಲಲ್ಲಿ ನಿಂತು ಹೇಳಿದಳು:

"ನಾಳೆ ಕೊಳಕೂರಕ್ಕ ಹೊಂಟೇನಿ. ಹೊಸಾ ತೊಗರಿ ರಾಶಿ ಆಗ್ಯಾದಂತ. ಹೊಲದಾಗೇ ತಗೊಂಡ್ರ ಅಂಗಡಿ ಬ್ಯಾಳಿಕಿಂತ ಭಾಳ ಕಡಿಮಿ ಬೀಳ್ತದ. ನೀವು ಅಲ್ಲಿ ಸಾಲಿಗೆ ಇದ್ದವರು, ನಿಮ್ಮ ಗುರ್ತಿನವರು ಅದಾರ. ಬರ್ತಿದ್ರ ಬರ್ರಿ."

ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ನಾನು ನೌಕರಿಯ ಮೊದಲ ವರ್ಷಗಳನ್ನು ಕಳೆದಿದ್ದೆ. ವರ್ಗವಾದ ಮೇಲೆ ಮತ್ತೆ ಹೋಗಿರಲಿಲ್ಲ. ಹೋದರೆ ಖರ್ಚು ಎಂಬುದೇ ನನ್ನ ಬಾಯಿಗೆ ಮೊದಲು ಬರುತ್ತಿದ್ದ ಮಾತು. ಈಗ ಟಿಕೆಟ್ಟಿನ ಖರ್ಚೂ ಇಲ್ಲವೆಂದ ಮೇಲೆ ಬೇರೆ ನೆಪ ಹೊಳೆಯಲಿಲ್ಲ. ಬೆಳಿಗ್ಗೆ ರೊಟ್ಟಿ, ಅದಕ್ಕೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು, ಆಧಾರ್ ಕಾರ್ಡು ಸೆರಗಿಗೆ ಸಿಕ್ಕಿಸಿಕೊಂಡು ಹೊರಟೆವು.

ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಜೇವರ್ಗಿಯಲ್ಲಿ ಇನ್ನೊಮ್ಮೆ ಬದಲಿಸಿದೆವು. ದಾರಿಯುದ್ದಕ್ಕೂ ಅವಳಿಗೆ ಗುರುತಿನವರು. ಒಬ್ಬಾಕೆ ಬೆಲ್ಲದ ದರ ಕೇಳುತ್ತಾಳೆ, ಇನ್ನೊಬ್ಬಾಕೆ ಅತನೂರಿನಲ್ಲಿ ಒಳ್ಳೆಯ ಬಿಳಿಜೋಳ ಬಂದಿದೆ ಎನ್ನುತ್ತಾಳೆ. ಯಾವ ಸಂತೆಯಲ್ಲಿ ಏನು ಅಗ್ಗ, ಯಾವುದನ್ನು ಯಾವ ತಿಂಗಳಲ್ಲಿ ಕೊಳ್ಳಬೇಕು ಎಂಬುದೆಲ್ಲ ಅವಳ ಬಾಯಲ್ಲೇ ಇತ್ತು. ಇದನ್ನೇ ಮನೆಯಲ್ಲಿ ಕುಳಿತು ನಾನು ತಿರುಗಾಟ ಎಂದು ತಿಳಿದಿದ್ದೆ.

ಕೊಳಕೂರಿನ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಕೇಳಿದೆವು. ಅವನ ತಲೆ ಬೆಳ್ಳಗಾಗಿತ್ತು. ನನ್ನ ದನಿ ಕೇಳಿ ಗುರುತು ಹಿಡಿದ.

"ಅಕ್ಕೋರ್ರಿ, ನೀವು ಮೋಟು ಪೆನ್ಸಿಲ್ಲಿಗೆ ಜ್ವಾಳದ ದಂಟು ಸಿಗಿಸಿ ಉದ್ದ ಮಾಡಿ ಕೊಡ್ತಿದ್ರಿ ನೋಡ್ರಿ. ನನ್ನ ಮೊಮ್ಮಕ್ಕಳಿಗೆ ಹೇಳಿದ್ರ ನಗ್ತಾವ."

"ಈಗೂ ಹಂಗೇ ಅದಾರ," ಎಂದಳು ನಾದಿನಿ. ಎಷ್ಟೋ ದಿನಗಳ ಮೇಲೆ ನನ್ನ ಕುರಿತು ಅವಳಾಡಿದ ಮೊದಲ ಮಾತು ಅದು. ನಾನೂ ನಕ್ಕೆ.

ತೊಗರಿ ಪುಕ್ಕಟೆಯಾಗಿ ಒಯ್ಯಿರಿ ಎಂದ. ನಾನು ಒಪ್ಪಲಿಲ್ಲ. ಪೇಟೆಗೆ ಹಾಕುವ ದರಕ್ಕೇ ಅಳೆದು ಕೊಟ್ಟು, ಮೇಲೊಂದು ಬೊಗಸೆ ಸುರಿದ. ಅವನು ಒಂದೇ ಚೀಲಕ್ಕೆ ತುಂಬುತ್ತಿದ್ದಾಗ ನಾದಿನಿ ತಡೆದು ಎರಡು ಸಣ್ಣ ಚೀಲ ಮಾಡಿಸಿದಳು. ಏಕೆಂದು ಬಸ್ಸಿನಲ್ಲಿ ತಿಳಿಯಿತು.

ಕಂಡಕ್ಟರು ಚೀಲಗಳನ್ನು ನೋಡಿದರು. "ಇವಕ್ಕ ಲಗೇಜ್ ಆಗ್ತದ್ರಿ ಅಮ್ಮಾ."

"ತೊಡಿ ಮ್ಯಾಲೆ ಇಟ್ಕೊಂಡೇವಲ್ರಿ ಯಪ್ಪಾ. ಕೂಸು ಅಂತ ತಿಳಿರಿ."

"ಇಷ್ಟು ದೊಡ್ಡ ಕೂಸಿಗೆ ಅರ್ಧ ಟಿಕೆಟ್ ಅದ್ರಿ."

"ಹೆಣ್ಣುಕೂಸು ಅದ್ರಿ. ಪುಕ್ಕಟಿ."

ಕಂಡಕ್ಟರು ನಕ್ಕು ಮುಂದೆ ಹೋದರು. ಹಿಂದಿನ ಸೀಟಿನವರೂ ನಕ್ಕರು. ನಾನು ತೊಡೆಯ ಮೇಲಿನ ಚೀಲವನ್ನು ತಬ್ಬಿ ಕುಳಿತಿದ್ದೆ. ಭಾರವಿತ್ತು, ಆದರೆ ಇಳಿಸಬೇಕೆನ್ನಿಸಲಿಲ್ಲ.

ತೊಗರಿ ತಂದರೆ ಬೇಳೆಯಾಗುವುದಿಲ್ಲ, ಒಡೆಯಬೇಕು. ನೆನೆಸಿ, ಬಸಿದು, ಕೆಮ್ಮಣ್ಣು ಹಚ್ಚಿ ಗುಡ್ಡೆ ಹಾಕಿ, ಆಮೇಲೆ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆವು. ಗುಬ್ಬಿ ಓಡಿಸಲು ಸರದಿಯ ಮೇಲೆ ಕುಳಿತೆವು. ಒಣಗಿ ಗಣಗಣ ಅನ್ನುವಂತಾದ ಮೇಲೆ ಮೆಟ್ಟಿಲ ಕೆಳಗಿದ್ದ ಅತ್ತೆಯ ಬೀಸುವ ಕಲ್ಲನ್ನು ಹೊರಗೆ ಉರುಳಿಸಿದೆವು. ಅದರ ಮೇಲೆ ನಾನು ನೀರಿನ ಕೊಡ ಇಟ್ಟು ವರ್ಷಗಳಾಗಿದ್ದವು.

ಎದುರುಬದುರು ಕುಳಿತು ಒಂದೇ ಗೂಟಕ್ಕೆ ಕೈ ಹಚ್ಚಿದೆವು. ಮೊದಮೊದಲು ಒಬ್ಬರು ಎಳೆದರೆ ಇನ್ನೊಬ್ಬರು ತಡೆಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಕಲ್ಲು ತಾನೇ ತಿರುಗಿದಂತೆ ತಿರುಗಿತು.

"ಮನ್ಯಾಗ ಜಗಳ ಆದ್ರ ಅವ್ವ ಜಗಳ ಮಾಡಿದವರನ್ನೇ ಬೀಸಾಕ ಕುಂಡ್ರಸ್ತಿದ್ಳು," ಎಂದಳು. "ಮಾರಿ ನೋಡದ ಬೀಸಾಕ ಬರೂದಿಲ್ಲ ಅಂತಿದ್ಳು."

ನಾನು ಕಲ್ಲಿನ ಸುತ್ತ ಬಿದ್ದ ಬೇಳೆಯನ್ನು ಒತ್ತಟ್ಟಿಗೆ ಬಳಿದೆ. ನಾನೇ ಕೇಳಿದೆ: "ದಿನಾ ಎಲ್ಲಿಗೆ ಹೋಗ್ತಿ ನೀ? ಮನ್ಯಾಗ ಇರಾಕ ಬ್ಯಾಸರ ಏನು?"

"ಅಫಜಲಪುರದಾಗ ಒಬ್ಬಾಕಿನೇ ಖೋಲ್ಯಾಗ ಕುಂತು ಕುಂತು ಗ್ವಾಡಿ ಮೈಮ್ಯಾಲೆ ಬಂದಂಗ ಆಗ್ತಿತ್ತು ವೈನಿ. ಬಸ್ಸಿನ್ಯಾಗ ಯಾರರೆ ಮಾತಾಡಸ್ತಾರ. ಅದೇ ಚಟ ಆಗ್ಯಾದ. ಮತ್ತ ನೀವು? ಬೆಳಕಿಗೂ ಯಾಕ ಅಂಜತೀರಿ?"

ಹೇಳಬೇಕೋ ಬೇಡವೋ ಎಂದುಕೊಳ್ಳುತ್ತಲೇ ಹೇಳಿದೆ. "ನಿಮ್ಮಣ್ಣ ಹ್ವಾದಮ್ಯಾಲೆ ಅಂಜಿಕಿ ಹತ್ತೇದ. ನಾಳಿ ನಾ ಹಾಸಿಗಿ ಹಿಡಿದ್ರ ಏನು, ಮಾಳಗಿ ಸೋರಿದ್ರ ಏನು ಅಂತ. ಒಂದು ದೀಪ ಆರಿಸಿದ್ರ ಒಂದೀಟು ಧೈರ್ಯ ಬಂದಂಗ ಆಗ್ತದ."

ಅವಳು ಕಲ್ಲಿನ ಬಾಯಿಗೆ ಒಂದು ಹಿಡಿ ತೊಗರಿ ಹಾಕಿದಳು. "ಈಗ ಇಬ್ರು ಅದೇವಲ್ರಿ," ಎಂದಳು. ಅಷ್ಟೇ.

ಅಂದು ಅಂಗಳದ ತುಂಬ ಹೊಟ್ಟು ಬಿದ್ದಿತ್ತು. ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆದ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅವರದು ಒಂದು ಎಮ್ಮೆ, ಹಾಲು ಮಾರಿ ಬದುಕುವ ಮನೆ.

"ಅಕ್ಕೋರೆ, ಆ ಹೊಟ್ಟು ನುಚ್ಚು ಚೆಲ್ಲಬ್ಯಾಡ್ರಿ. ನಮ್ಮ ಎಮ್ಮೀಗಿ ಕೊಡ್ರಿ. ಮಜ್ಜಿಗಿ ನಾ ಕೊಡ್ತೇನಿ. ಹಿಸಾಬ್ ಬರೋಬರ್."

ಹೊಟ್ಟು ಬೇಗನೇ ಮುಗಿಯಿತು, ಆದರೆ ಖಾಲಾ ಮಜ್ಜಿಗೆ ಕೊಡುವುದನ್ನು ನಿಲ್ಲಿಸಲಿಲ್ಲ. ಹಿಸಾಬು ಮುಗಿಯಿತಲ್ಲ ಎಂದರೆ, ಬೇಸಿಗೆಯಲ್ಲಿ ನಿಮ್ಮ ಫ್ರಿಜ್ಜಿನಲ್ಲಿ ನಮ್ಮ ಹಾಲು ಇಡುತ್ತೇನೆ, ಕೆಡುವುದು ತಪ್ಪುತ್ತದೆ ಎಂದರು. ಹಾಗೆಯೇ ಆಯಿತು. ಫ್ರಿಜ್ಜಿನ ವಿಷಯದಲ್ಲಿ ನಾನೂ ನಾದಿನಿಯೂ ಒಂದು ಒಪ್ಪಂದಕ್ಕೆ ಬಂದೆವು. ಹೋಳಿ ಹುಣ್ಣಿಮೆಯಿಂದ ಮೊದಲ ಮಳೆಯವರೆಗೆ ಹಚ್ಚುವುದು, ಉಳಿದ ದಿನ ಅದು ಒಡೆದ ಬೇಳೆಯ ಡಬ್ಬಿಗಳ ಕಪಾಟು. ಚಹಾದಲ್ಲಿಯೂ ರಾಜಿಯಾಯಿತು. ಮುಂಜಾನೆಯದು ಅವಳ ಚಹಾ, ಮಧ್ಯಾಹ್ನದ್ದು ನನ್ನದು. ಮಧ್ಯಾಹ್ನ ಅವಳು ಮಜ್ಜಿಗೆ ಕುಡಿಯುತ್ತಾಳೆ.

ಬ್ಯಾಳಿ ಮಾತ್ರ ಅಂದಿನಿಂದ ಗಟ್ಟಿ. ಮೊದಲ ದಿನ ನಾನೇ ಎರಡು ಹಿಡಿ ಹಾಕಿದೆ. ಅವಳು ರೊಟ್ಟಿ ಅದ್ದಿ ತಿಂದಳು, ಹೊಗಳಲಿಲ್ಲ, ಇನ್ನೊಂದು ರೊಟ್ಟಿ ಕೇಳಿದಳು. ವರ್ಷದ ಕೊನೆಗೆ ನೋಡಿದರೆ ನಾನೊಬ್ಬಳೇ ನೀರುಬ್ಯಾಳಿ ಉಂಡುಕೊಂಡಿದ್ದಾಗಿನದಕ್ಕಿಂತ ನನ್ನ ಪಾಲಿನ ಖರ್ಚು ಕಡಿಮೆಯೇ ಆಗಿತ್ತು. ಜೋಳ ಅತನೂರಿನಿಂದ, ಮೆಣಸಿನಕಾಯಿ ಅಗ್ಗವಾದಾಗ ಸಂತೆಯಿಂದ, ಬೆಲ್ಲ ಆಲೆಮನೆಯಿಂದ. ತಿಂಗಳಿಗೊಮ್ಮೆ ಇಬ್ಬರೂ ಹೊರಡುತ್ತೇವೆ. ಸೊಲ್ಲಾಪುರದಲ್ಲಿರುವ ನನ್ನ ಮಗಳು ಫೋನು ಮಾಡಿ, "ಅವ್ವಾ, ನಿನ್ನ ಫೋನಿನ್ಯಾಗ ಯಾವಾಗ್ಲೂ ಬಸ್ಸಿನ ಸಪ್ಪಳನೇ ಕೇಳ್ತದ," ಎನ್ನುತ್ತಾಳೆ.

ಮುಂದಿನ ಎಳ್ಳಮಾವಾಸ್ಯೆಗೆ ಕೊಳಕೂರಿನವನು ಚರಗಕ್ಕೆ ಕರೆದ. ಮಾಡಿದ ಅಡುಗೆಯನ್ನು ಹೊಲದಲ್ಲಿ ಭೂಮಿತಾಯಿಗೆ ಚರಗವೆಂದು ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಹಬ್ಬ. ನಾವು ಶೇಂಗಾ ಹೋಳಿಗೆ ಒಯ್ದೆವು. ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಕಡುಬು ಉಂಡು, ಬಿಳಿಜೋಳದ ಸಾಲಿನ ನೆರಳಿಗೆ ಕುಳಿತೆವು. ಮಗ್ಗುಲಿನ ಪಟ್ಟಿಯಲ್ಲಿ ಕಡಲೆ ಮೊಣಕಾಲೆತ್ತರ ಬಂದಿತ್ತು. ಚಿಗುರು ಚಿವುಟಿದರೆ ಗಿಡ ಚೆನ್ನಾಗಿ ಕವಲೊಡೆಯುತ್ತದೆ, ಬೇಕಾದಷ್ಟು ಹರಿದುಕೊಳ್ಳಿ ಎಂದಳು ಅವನ ಹೆಂಡತಿ. ಒಣಗಿಸಿಟ್ಟರೆ ಮಳೆಗಾಲದವರೆಗೂ ಪಲ್ಯಕ್ಕಾಗುತ್ತದೆ.

ಸೆರಗನ್ನು ಉಡಿ ಮಾಡಿಕೊಂಡು ಇಬ್ಬರೂ ಸಾಲಿಗಿಳಿದೆವು. ಹರಿಯುತ್ತ ಹರಿಯುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ದೂರದ ರಸ್ತೆಯಲ್ಲಿ ಬಸ್ಸು ಹಾದುಹೋಯಿತು.

"ನಮ್ಮ ಬಸ್ ಹೋತ್ರಿ ವೈನಿ," ಎಂದಳು ತಲೆ ಎತ್ತದೆ.

"ಹೋಗಲಿ ಬಿಡು. ಇನ್ನೊಂದು ಬರ್ತದ."

ಮುಂದಿನ ಬಸ್ಸು ಬರುವವರೆಗೆ ಆ ಸಾಲು ಮುಗಿಸಿದೆವು. ಬಸ್ಸಿನಲ್ಲಿ ಕುಳಿತ ಮೇಲೂ ಬೆರಳುಗಳೆಲ್ಲ ಕಡಲೆ ಎಲೆಯ ಹುಳಿಯಿಂದ ಚುರುಗುಡುತ್ತಿದ್ದವು. ಅವಳು ತನ್ನ ಬೆರಳು ನೆಕ್ಕಿ ನೋಡಿದಳು. ನಾನೂ ನೆಕ್ಕಿ ನೋಡಿದೆ.