ಅವರ ಅಂಗೈ ಕೆಳಗೆ ನನ್ನ ಅಂಗೈ

ಅದು ನಿಜಾಮರ ಆಳ್ವಿಕೆಯ ಕೊನೆಗಾಲ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಈಗಿನ ಬಸವಕಲ್ಯಾಣಕ್ಕೆ ಆಗ ನಾವೆಲ್ಲ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿ ನಮ್ಮ ಯಜಮಾನರದು ಬಟ್ಟೆ ಅಂಗಡಿ. ಅಂಚಿಗೆ ಕತ್ತರಿ ತಾಗಿಸಿ, ಒಂದೇ ಎಳೆತಕ್ಕೆ ನೆಟ್ಟಗೆ ಬಟ್ಟೆ ಸೀಳುವ ಕೈ ಅವರದು.

ಒಂದು ದೀಪಾವಳಿಯ ಹೊತ್ತಿಗೆ ಎಡಗೈ ಸೋಲತೊಡಗಿತು. ಮೊದಲು ಅಂಗಿಯ ಗುಂಡಿ ಹಾಕಲು ಬರಲಿಲ್ಲ. ಆಮೇಲೆ ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿತ್ತು. ನೋವಿಲ್ಲ, ಜ್ವರವಿಲ್ಲ. ಹಕೀಮರು ಲಕ್ವಾ ಎಂದರು, ವೈದ್ಯರು ವಾತ ಎಂದರು. ತಿಕ್ಕಿದ ಎಣ್ಣೆಯಲ್ಲಿ ಒಂದು ಮದುವೆಯ ಅಡುಗೆ ಆಗುತ್ತಿತ್ತು.

ಅವರಿಗೆ ಅಂಗಡಿಗಿಂತ ಪೂಜೆಯದೇ ಚಿಂತೆ. ನಮ್ಮಲ್ಲಿ ಕೊರಳಿನ ಇಷ್ಟಲಿಂಗವನ್ನು ದಿನಾ ಎಡ ಅಂಗೈಯಲ್ಲಿಟ್ಟು ಪೂಜಿಸಬೇಕು. ಅದು ನೆಲಕ್ಕೆ ಬಿದ್ದರೆ ಪ್ರಾಣ ಹೋದಂತೆ.

"ಕೈ ನಡಗಾಕತ್ತದ. ಲಿಂಗ ಬಿದ್ದರ ನಾ ಬದುಕಾಂಗಿಲ್ಲ ನೋಡು," ಎಂದರು ಒಂದು ಬೆಳಿಗ್ಗೆ.

ನಾನು ಎದುರಿಗೆ ಕೂತು ಅವರ ಅಂಗೈ ಕೆಳಗೆ ನನ್ನ ಅಂಗೈ ಇಟ್ಟೆ.

"ಪೂಜಾಕ್ಕ ಬ್ಯಾರೆಯವರ ಕೈ ಹಚ್ಚಬಾರ್ದು."

"ಲಿಂಗಕ್ಕ ಎಲ್ಲಿ ಹಚ್ಚೀನ್ರಿ? ನಿಮ್ಮ ಕೈಗಿ ಹಚ್ಚೀನಿ. ನಾ ಬ್ಯಾರೆಯವಳೇನ್ರಿ?" ಎಂದೆ. ಅವರು ಕಣ್ಣು ಮುಚ್ಚಿ ಮಂತ್ರ ಶುರು ಮಾಡಿದರು. ಅಂದಿನಿಂದ ದಿನವೂ ಹಾಗೆಯೇ ನಡೆಯಿತು.

ಯಾರೋ ಹೇಳಿದರೆಂದು ಗಾಡಿ ಕಟ್ಟಿಕೊಂಡು ಹುಮನಾಬಾದಿನ ಒಬ್ಬ ಡಾಕ್ಟರ ಬಳಿ ಹೋದೆವು. ಅವರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ನಾಲಿಗೆ ಚಾಚಿಸಿ ಬಹಳ ಹೊತ್ತು ನೋಡಿದರು.

"ಖರೇ ಹೇಳ್ರಿ," ಎಂದರು ನಮ್ಮವರು.

"ಖಾತ್ರಿ ಹೇಳಾಕ ಬರಾಂಗಿಲ್ರಿ. ಕೈಯಾಗಷ್ಟೇ ನಿಂತರ ನಿಂತೀತು. ಮಾತು ತೊದಲಿತಂದ್ರ ಅದು ನರದ ಕೆಟ್ಟ ಬ್ಯಾನಿ. ಅದಕ್ಕ ದವಾ ಇಲ್ಲ."

ಹಿಂದಿರುಗುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ತೊದಲೀತೋ ಎಂಬ ಹೆದರಿಕೆ.

ಆಮೇಲೆ ಪೂಜೆಯ ಹೊತ್ತೇ ನನಗೆ ಶಿಕ್ಷೆಯಾಯಿತು. ಕೈ ಅವರ ಕೈ ಕೆಳಗೆ, ಕಿವಿ ಅವರ ಬಾಯಿಯ ಕಡೆ. 'ಓಂ ನಮಃ ಶಿವಾಯ' ಸ್ಪಷ್ಟವಾಗಿ ಬಂದರೆ ಆ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು. ಚಳಿಗಾಲ ಹೋಯಿತು, ಬೇಸಿಗೆಯೂ ಹೋಯಿತು. ಡಾಕ್ಟರ ಅನುಮಾನ ಸುಳ್ಳಾಯಿತೆಂದು ಒಳಗೊಳಗೇ ಹಿಗ್ಗಿದೆ.

ಶ್ರಾವಣದ ಒಂದು ಸೋಮವಾರ 'ಶಿವಾಯ' ಎಂಬುದು ಒದ್ದೆ ಬಟ್ಟೆಯಂತೆ ಭಾರವಾಗಿ ಬಂತು. ನನ್ನ ಕೈ ನಡುಗಿತು. ಮೇಲಿದ್ದ ಅವರ ಕೈಗೆ ಅದು ತಿಳಿಯದೇ ಇರುತ್ತದೆಯೇ?

"ನಿನಗೂ ಕೇಳಿಸ್ತಾ?" ಎಂದರು.

"ಹೂಂರಿ."

"ಕೈ ತೆಗಿಬ್ಯಾಡ. ಪೂಜಾ ಮುಗಿಲಿ."

ಮಾತು ಪೂರ್ತಿ ನಿಂತ ಮೇಲೆ ಮಂತ್ರ ನಾನು ಹೇಳಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಯವರೆಗೂ ಲಿಂಗ ಬೀಳಲಿಲ್ಲ. ಮಣ್ಣು ಮಾಡುವಾಗ ಪದ್ಧತಿಯಂತೆ ಅವರ ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಹೋಯಿತು. ಯಾರೋ ನನ್ನನ್ನು ಹಿಂದಕ್ಕೆ ಎಳೆದುಕೊಂಡರು.

ಈಗಲೂ ನಾನು ಪೂಜೆಗೆ ಕೂತರೆ ಬಲಗೈ ತಾನಾಗಿ ಎಡಗೈ ಕೆಳಗೆ ಸರಿಯುತ್ತದೆ. ನನ್ನ ಕೈ ಗಟ್ಟಿಯಾಗಿಯೇ ಇದೆ; ಆಸರೆ ಬೇಕಿದ್ದ ಕೈ ಮಾತ್ರ ಇಲ್ಲ. ಅದಕ್ಕೇ ಅಳು ಬರುತ್ತದೆ.