ನಲವತ್ತನೆಯ ಸಾಲಿನ ನಂತರ

ಹಳೆಯ ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ನಾನು ಹುಡುಕುತ್ತಿದ್ದದ್ದು ಮಗಳ ಜನನ ಪ್ರಮಾಣಪತ್ರ. ಕೈಗೆ ಸಿಕ್ಕಿದ್ದು ಮಲಯಾಳಂ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ, ಒಂದಡಿಗಿಂತ ತುಸು ಉದ್ದದ ಕಟ್ಟು. ಬಿಚ್ಚದೆಯೇ ಗೊತ್ತು, ಒಳಗಿರುವುದು ಮರದ ಅಡಿಪಟ್ಟಿ... ಮರದಲ್ಲಿ ಇಷ್ಟು ವರ್ಷ ವಾಸನೆ ಉಳಿಯುತ್ತದೋ ಇಲ್ಲಾ ನನ್ನ ಭ್ರಮೆಯೋ, ಹೇಳಲಾರೆ. ಎರ್ನಾಕುಲಂ ಪಕ್ಕದ ಆಲುವದ ನಮ್ಮ ಫ್ಲಾಟಿನಲ್ಲಿ, ಕಿಟಕಿಯಾಚೆ ಮೆಟ್ರೋ ಹೋಗುತ್ತಿರುವಾಗ, ಹಾಡುಹಗಲಲ್ಲಿ, ನಲವತ್ತು ದಾಟಿದ ಹೆಂಗಸು ಒಂದು ಅಡಿಪಟ್ಟಿಗೆ ಹೆದರಿ ನೆಲದ ಮೇಲೆ ಕೂತುಬಿಟ್ಟೆ.

ಆ ಅಡಿಪಟ್ಟಿಯ ಒಡತಿಯನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ತಿರುವನಂತಪುರದಲ್ಲಿ ನಾನಿದ್ದ ಸಂಶೋಧನಾ ಸಂಸ್ಥೆಯಲ್ಲಿ ಅವರು ತಳಿವಿಜ್ಞಾನಿ. ಯಾವ ತರಗತಿಗೂ ಪಾಠ ಮಾಡಿದವರಲ್ಲ, ಆದರೂ ಅಲ್ಲಿನ ಜನಕ್ಕೆ ಓದು ಬರಹದ ಹಿರಿಯ ಹೆಂಗಸೆಂದರೆ ಟೀಚರ್, ಆಯಿತು. ಅವರ ಊರು ಧಾರವಾಡ. ನಾನು ತುಮಕೂರಿನವಳು. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಮೊದಲ ದಿನ ನನ್ನ ಅರ್ಜಿಯಲ್ಲಿ ಊರಿನ ಹೆಸರು ನೋಡಿ, "ಅಬ್ಬಾ, ಇನ್ನ ಮ್ಯಾಲೆ ನಾ ಬೈದ್ರ ತಿಳಿಯೋರು ಒಬ್ಬರಾದ್ರೂ ಬಂದ್ರಲ್ಲ" ಎಂದು ಬಾಯಿ ತುಂಬ ನಕ್ಕಿದ್ದರು.

ವಂಶದಲ್ಲಿ ಹರಿದುಬರುವ ಕಿವುಡುತನದ ಬಗ್ಗೆ ಅವರ ಕೆಲಸ. ಕುಟುಂಬಗಳಿಂದ ರಕ್ತ ತಂದು, ಯಾವ ಮನೆಯವರಲ್ಲಿ ಯಾವ ವಂಶವಾಹಿ ಬದಲಾಗಿದೆ ಎಂದು ನೋಡುವುದು. ನಾನು ಅದಕ್ಕೆ ಗುತ್ತಿಗೆಯ ಸಹಾಯಕಿ. ಫಲಿತಾಂಶಗಳನ್ನು ನೋಟ್‌ಬುಕ್ಕಿನಿಂದ ಕಂಪ್ಯೂಟರಿಗೆ ಹೊಡೆಯುವ ಕೆಲಸ. ಹೊಡೆದದ್ದನ್ನು ಅವರು ಹಾಗೇ ಒಪ್ಪುತ್ತಿರಲಿಲ್ಲ. ಹಾಳೆಯ ಮೇಲೆ ಮುದ್ರಿಸಿ ತರಬೇಕು. ನಾನು ನೋಟ್‌ಬುಕ್ ನೋಡಿ ಗಟ್ಟಿಯಾಗಿ ಓದಬೇಕು, ಅವರು ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತ ನೀಲಿ ಪೆನ್ನಲ್ಲಿ ಟಿಕ್ ಹಾಕುತ್ತಿದ್ದರು. ತಲೆನೋವಿಗೆಂದು ಹಣೆಗೆ ನೀಲಗಿರಿ ಎಣ್ಣೆ ಹಚ್ಚಿದ ಬೆರಳಲ್ಲೇ ಅಡಿಪಟ್ಟಿ ಹಿಡಿಯುತ್ತಿದ್ದರಿಂದ ಅದಕ್ಕೂ ಅದೇ ವಾಸನೆ. ಮುಗಿದ ಮೇಲೆ ಹಾಳೆಯ ಕೆಳಗೆ ಇಬ್ಬರ ಸಹಿ. ಒಬ್ಬರೇ ಓದಿದ್ದು ಓದಿದ್ದಲ್ಲ ಎನ್ನುವುದು ಅವರ ನಿಯಮ. ಬೇರೆ ಪ್ರಯೋಗಾಲಯದ ಹುಡುಗಿಯರು ಕೆಲಸಕ್ಕೆ ಬಾರದ ಕಾಗೆ ಲೆಕ್ಕ ಎಂದು ಆಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಬೇಜಾರೇ.

ಆಗ ನನ್ನ ಗಂಡನಿಗೆ ಎರ್ನಾಕುಲಂನಲ್ಲಿ ಬ್ಯಾಂಕಿನ ಕೆಲಸ. ಮೂರು ವರ್ಷದ ಮಗಳು ಅವರ ಹತ್ತಿರ, ಅತ್ತೆಯ ಮಡಿಲಲ್ಲಿ. ನಾನು ವಾರವೆಲ್ಲ ತಿರುವನಂತಪುರದಲ್ಲಿ, ಶುಕ್ರವಾರ ಸಂಜೆಯ ಗಾಡಿಗೆ ಮನೆಗೆ. ಆ ಗಾಡಿ ತಪ್ಪಿದರೆ ಮಗಳ ಮುಖ ನೋಡುವುದು ಮರುದಿನ ಮಧ್ಯಾಹ್ನ. ಅದು ಸಣ್ಣ ಕಾರಣ ಎಂದು ಈಗ ಯಾರಾದರೂ ಹೇಳಬಹುದು...

ಒಂದು ಶುಕ್ರವಾರ ಅರವತ್ತಮೂರು ಕುಟುಂಬಗಳ ಪಟ್ಟಿ ಓದುತ್ತಿದ್ದೆವು. ನಲವತ್ತನೆಯ ಸಾಲಿಗೆ ಬಂದಾಗ ನಿರ್ದೇಶಕರಿಂದ ಟೀಚರಿಗೆ ಕರೆ ಬಂತು. "ಉಳಿದದ್ದನ್ನ ಯಾರನ್ನರ ಕೂಡಿಸ್ಕೊಂಡು ಓದಿಬಿಡವಾ, ನಾಳೆ ಲೇಖನ ಕಳಸೂದದ" ಎಂದು ಎದ್ದು ಹೋದರು. ಗಡಿಯಾರ ನೋಡಿದೆ. ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿದೆ. ಯಾರೂ ಇರಲಿಲ್ಲ, ಎಲ್ಲರೂ ಕ್ಯಾಂಟೀನಿನಲ್ಲಿ ಬಾಳೆಹಣ್ಣಿನ ಪಳಂಪೊರಿ ತಿನ್ನುತ್ತಿದ್ದರು. ಕರೆದಿದ್ದರೆ ಒಬ್ಬರಾದರೂ ಬರುತ್ತಿದ್ದರು. ಕರೆಯಲಿಲ್ಲ. ಹಾಳೆಯ ಕೆಳಗೆ ನನ್ನ ಸಹಿ ಹಾಕಿ, ಫೈಲಿಗೆ ಸೇರಿಸಿ, ಸ್ಟೇಷನ್ನಿಗೆ ಓಡಿದೆ. ಮಾರನೆಯ ದಿನ ಟೀಚರ್ ಫೋನಿನಲ್ಲಿ "ಓದಿದ್ರೇನು?" ಎಂದು ಕೇಳಿದಾಗ, "ಓದಿದ್ವಿ ಟೀಚರ್" ಎಂದೆ. ಮಗಳು ನನ್ನ ಕಾಲಿಗೆ ಜೋತುಬಿದ್ದು ಆಡುತ್ತಿದ್ದಳು. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಲೇಖನ ಪ್ರಕಟವಾಯಿತು. ಟೀಚರ್ ಇಡೀ ವಿಭಾಗಕ್ಕೆ ಧಾರವಾಡದ ಪೇಡೆ ಹಂಚಿದರು. ಆಮೇಲೆ ಸಂಸ್ಥೆಯವರು ನನ್ನನ್ನು ಅಲ್ಲಿನ ಗ್ರಂಥಾಲಯಕ್ಕೆ ಹಾಕಿದರು. ಅಲ್ಲೂ ಗುತ್ತಿಗೆಯೇ, ವರ್ಷಕ್ಕೊಮ್ಮೆ ನವೀಕರಣ. ಬಡ್ತಿಗೆ ಬಂದ ವಿಜ್ಞಾನಿಗಳನ್ನು ಅಳೆದು ಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಎಷ್ಟು ಲೇಖನ ಬರೆದಿದ್ದಾರೆ, ಅವುಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಿ ಒಂದು ಅಂಕ ತೆಗೆಯಬೇಕು. ಹತ್ತು ಲೇಖನಗಳಿಗೆ ತಲಾ ಹತ್ತು ಉಲ್ಲೇಖವಾದರೂ ಸಿಕ್ಕಿದ್ದರೆ ಅಂಕ ಹತ್ತು. ಹನ್ನೊಂದು ಬೇಕಾದರೆ ಹನ್ನೊಂದಕ್ಕೂ ತಲಾ ಹನ್ನೊಂದು. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆಯಬೇಕು. ದೊಡ್ಡ ದೊಡ್ಡ ಮನುಷ್ಯರು ಒಂದು ಅಂಕಕ್ಕಾಗಿ ನನ್ನ ಮೇಜಿನ ಮುಂದೆ ಬಂದು ಹಲ್ಲು ಗಿಂಜುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸುತ್ತಿತ್ತು.

ಮೂರು ವರ್ಷದ ನಂತರ ಟೀಚರ್ ಫೈಲೇ ಬಂತು. ಅವರ ಕೊನೆಯ ಬಡ್ತಿ, ನಿವೃತ್ತಿಗೆ ಮೊದಲಿನ ಕೊನೆಯ ಅವಕಾಶ. ಅದು ಸಿಕ್ಕಿದರೆ ಪ್ರಯೋಗಾಲಯ ಇನ್ನೂ ಐದು ವರ್ಷ ಅವರ ಕೈಯಲ್ಲಿ. ಇಲ್ಲದಿದ್ದರೆ ಬಾಗಿಲು ಮುಚ್ಚಿದಂತೆಯೇ. ಸಮಿತಿ ಗೊತ್ತುಮಾಡಿದ ಅಂಕ ಹದಿನೆಂಟು. "ಏನವಾ, ನನ್ನ ಎತ್ತರ ಅಳದೇನು? ಎಷ್ಟಾತು?" ಎಂದು ಕ್ಯಾಂಟೀನಿನಲ್ಲಿ ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತ ಕಾಡಿಸಿದರು. "ಇನ್ನೂ ಎಣಿಸ್ತಿದ್ದೀನಿ ಟೀಚರ್" ಎಂದೆ. ಎಣಿಸಿ ಮುಗಿದಾಗ ಸರಿಯಾಗಿ ಹದಿನೆಂಟು. ಕುಣಿದುಬಿಡೋಣ ಅನ್ನಿಸಿತ್ತು.

ಆ ಅರವತ್ತಮೂರು ಕುಟುಂಬಗಳ ಲೇಖನವೇ ಎಲ್ಲಕ್ಕಿಂತ ಮೇಲೆ ಹೋಗಿತ್ತು. ಅದಕ್ಕೆ ಬಂದಷ್ಟು ಉಲ್ಲೇಖ ಅವರ ಬೇರೆ ಯಾವುದಕ್ಕೂ ಇರಲಿಲ್ಲ. ಸ್ವಂತ ಉಲ್ಲೇಖಗಳೆಲ್ಲ ಕಳೆದಿವೆಯೇ ಎಂದು ಇನ್ನೊಮ್ಮೆ ನೋಡಲು ಒಂದೊಂದನ್ನೇ ತೆರೆದೆ. ಸುಮ್ಮನೆ ಹೆಸರು ನೋಡಿ ಮುಚ್ಚಬೇಕಿತ್ತು, ಕಣ್ಣು ಸಾಲಿನ ಮೇಲೂ ಹೋಯಿತು. ಮೊದಲನೆಯವರು ಬರೆದಿದ್ದರು, ಈ ಫಲಿತಾಂಶ ನಮಗೆ ಸಿಗಲಿಲ್ಲ. ಎರಡನೆಯವರು, ಹೊಂದಿಕೆಯಾಗುತ್ತಿಲ್ಲ. ಮೂರನೆಯವರು, ಎಚ್ಚರಿಕೆಯಿಂದ ನೋಡಬೇಕಾದ ಲೇಖನ... ಅಯ್ಯೋ ದೇವರೇ! ಎಷ್ಟೋ ಜನ ಟೀಚರ್ ಹೆಸರು ಹಿಡಿದು ಹೇಳುತ್ತಿದ್ದದ್ದು ಒಂದೇ, ಇದು ಸರಿಯಿಲ್ಲ ಎಂದು. ಆ ಅಂಕದ ಲೆಕ್ಕಕ್ಕೆ ಹೊಗಳಿಕೆಯೂ ಒಂದೇ, ತೆಗಳಿಕೆಯೂ ಒಂದೇ. ಎರಡನ್ನೂ ಕೂಡಿಸಿ ಹದಿನೆಂಟು ಮಾಡಿ ಕೊಟ್ಟಿತ್ತು.

ಹಳೆಯ ನೋಟ್‌ಬುಕ್ ತರಿಸಿ, ಅಚ್ಚಾದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ನಲವತ್ತರವರೆಗೆ ಸರಿ. ನಲವತ್ತೊಂದನೆಯ ಮನೆಯ ಫಲಿತಾಂಶವನ್ನು ಹೊಡೆಯದೆ ಬಿಟ್ಟಿದ್ದೆ. ಅಲ್ಲಿಂದ ಕೆಳಗೆ ಎಲ್ಲವೂ ಒಂದು ಸಾಲು ಮೇಲಕ್ಕೆ ಜಾರಿತ್ತು, ಒಂದು ಮನೆಯ ದೋಷ ಇನ್ನೊಂದು ಮನೆಯ ಮುಂದೆ. ಕೊನೆಯದನ್ನು ಎರಡು ಸಲ ಹೊಡೆದಿದ್ದರಿಂದ ಅರವತ್ತಮೂರು ತುಂಬಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಬ್ಬರು ಓದಿ ಒಬ್ಬರು ಟಿಕ್ ಹಾಕಿದ್ದರೆ ನಲವತ್ತೊಂದರಲ್ಲೇ ಸಿಕ್ಕಿಬೀಳುತ್ತಿತ್ತು.

ಆ ವಾರದ ಕೊನೆಗೆ ಎರ್ನಾಕುಲಂಗೆ ಹೋದೆ. ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು. ಕಡೆಗೆ ಗಂಡನಿಗೆ ಹೇಳಿದೆ. ಅವರು ಬ್ಯಾಂಕಿನ ಮನುಷ್ಯ, ಎರಡು ನಿಮಿಷ ಯೋಚಿಸಿದರು. "ಸುಮ್ನಿರೇ. ನಿನ್ನನ್ನ ಎಣಿಸು ಅಂದ್ರು, ಎಣಿಸಿದೀಯ. ಹದಿನೆಂಟು ಅಂತ ಬರ್ದು ಕೊಟ್ಬಿಡು. ಅವ್ರಿಗೂ ಒಳ್ಳೇದು, ನಿಂಗೂ ಒಳ್ಳೇದು. ಬರೋ ತಿಂಗಳು ನಿನ್ ರಿನ್ಯೂವಲ್ ಇದೆ ಕಣೇ."

"ಯಾರಿಗಾದ್ರೂ ಗೊತ್ತಾದ್ರೆ ರೀ?"

"ಯಾರಿಗ್ ಗೊತ್ತಾಗುತ್ತೆ?"

ನಾನು ಹುಟ್ಟಾ ಪುಕ್ಕಲಿ. ಸೋಮವಾರ ಟೀಚರ್ ಹತ್ತಿರ ಹೋದದ್ದು ಧೈರ್ಯದಿಂದಲ್ಲ, ಬೇರೆ ಯಾರಾದರೂ ಮೊದಲು ಹೇಳಿಬಿಟ್ಟರೆ ಎಂಬ ಹೆದರಿಕೆಯಿಂದ. ಪಟ್ಟಿ ತಪ್ಪಾಗಿದೆ ಎಂದಷ್ಟೇ ಹೇಳಿದೆ. ಅವರು ಮೊದಲು ಕೇಳಿದ್ದು ಬಡ್ತಿಯ ಮಾತಲ್ಲ. "ಯಾರ ಮನಿಗರ ತಪ್ಪ ವರದಿ ಹೋಗೇದೇನು?" ಅವರ ದನಿ ಹಾಗೆ ನಡುಗಿದ್ದನ್ನು ಅದೊಂದೇ ಸಲ ಕೇಳಿದ್ದು. ಮನೆಗಳಿಗೆ ಹೋದ ವರದಿಗಳನ್ನೆಲ್ಲ ಅವರು ನೋಟ್‌ಬುಕ್ ನೋಡಿಯೇ ಬರೆದಿದ್ದರು, ಪಟ್ಟಿ ನೋಡಿ ಅಲ್ಲ. ಅದು ನೆನಪಾದ ಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಆಮೇಲೆ ಅಡಿಪಟ್ಟಿ ತೆಗೆದರು. "ಬಾ, ಕೂಡು. ಓದು" ಎಂದರು. ನಾನು ಓದಿದೆ, ಅವರು ಸರಿಸಿದರು. ನಲವತ್ತೊಂದಕ್ಕೆ ಅಡಿಪಟ್ಟಿ ನಿಂತಿತು.

"ಅವತ್ತ ಇದನ್ನ ಓದಿದ್ರೆಲ್ಲಾ?"

ಈಗಲಾದರೂ ಬಾಯಿ ಬಿಡಬಹುದಿತ್ತು. ಮುಂದಿನ ತಿಂಗಳ ನವೀಕರಣ ಕಣ್ಣ ಮುಂದೆ ಬಂತು. ಮಗಳ ಶಾಲೆ ಬಂತು... "ಓದಿದ್ವಿ ಟೀಚರ್" ಎಂದೆ.

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಹಂಗಾರ ಆತು ಬಿಡು. ಅಂಜಬ್ಯಾಡ" ಎಂದರು. ಅಂದೇ ನಿಯತಕಾಲಿಕಕ್ಕೆ ಪತ್ರ ಬರೆದು ಲೇಖನವನ್ನು ಹಿಂತೆಗೆದುಕೊಂಡರು. ನನಗೆ ಹೊಸದಾಗಿ ಎಣಿಸಿ ಕೊಡಲು ಹೇಳಿದರು. ಆ ಒಂದು ಲೇಖನ ತೆಗೆದರೆ ಅಂಕ ಹದಿನೇಳು. ಆ ಅಂಕೆಯನ್ನು ನನ್ನ ಕೈಯಾರೆ ಟೈಪು ಮಾಡಿದೆ.

ಸಮಿತಿಯವರು ಪರಿಶೀಲನೆಯ ಕಡತ ಕೇಳಿದರು. ಅದು ತಿಳಿದ ದಿನ ನನಗೆ ಜೀವವೇ ಹೋದಂತಾಗಿತ್ತು. ಅದರಲ್ಲಿ ಆ ಶುಕ್ರವಾರ ನಾನು ಸೇರಿಸಿದ್ದ ಹಾಳೆ ಇರಬೇಕು. ನಲವತ್ತರವರೆಗೆ ಟಿಕ್, ಕೆಳಗೆ ಒಂದೇ ಸಹಿ, ಅದು ನನ್ನದು. ನೋಡಿದ ಯಾರಿಗಾದರೂ ಒಂದೇ ನೋಟಕ್ಕೆ ಅರ್ಥವಾಗುತ್ತಿತ್ತು. ಊಟದ ಹೊತ್ತಿನಲ್ಲಿ ಕಳ್ಳಿಯ ಹಾಗೆ ಹೋಗಿ ಅವರ ಕಪಾಟು ತೆರೆದೆ. ಕಡತ ಇತ್ತು, ಆ ಹಾಳೆ ಇರಲಿಲ್ಲ. ಹರಿದುಹಾಕೋಣ ಎಂದು ಬಂದವಳಿಗೆ ಅದು ಇಲ್ಲದ್ದು ಇನ್ನೂ ಹೆದರಿಕೆ ತಂದಿತು. ಯಾರು ತೆಗೆದರು? ಯಾರ ಕೈಯಲ್ಲಿದೆ? ಯಾವತ್ತು ಮೇಜಿನ ಮೇಲೆ ತಂದಿಡುತ್ತಾರೆ? ಪರಿಶೀಲಿಸಿದವರು ಯಾರು ಎಂದು ಸಮಿತಿ ಕೇಳಿದ್ದಕ್ಕೆ ಟೀಚರ್ "ನಾನು" ಎಂದರಂತೆ. ಅಲ್ಲಿಗೆ ಮಾತು ಮುಗಿಯಿತು. ಅವರ ಬಡ್ತಿಯೂ ಮುಗಿಯಿತು.

ನನ್ನ ಗುತ್ತಿಗೆ ನವೀಕರಣವಾಯಿತು. ಅವರು ಅದೇ ವರ್ಷ ಧಾರವಾಡಕ್ಕೆ ಹೊರಟರು. ಹೋಗುವ ದಿನ ಗ್ರಂಥಾಲಯಕ್ಕೆ ಬಂದು ಈ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಇದು ನಿನ್ನ ಹತ್ರನ ಇರಲಿ. ಪುರುಸೊತ್ತಾದಾಗ ಬಿಚ್ಚಿ ನೋಡು" ಎಂದರು. ಮುಟ್ಟಿದಾಗಲೇ ಅಡಿಪಟ್ಟಿ ಎಂದು ತಿಳಿಯಿತು. ಬಿಚ್ಚುವ ಧೈರ್ಯ ಬರಲಿಲ್ಲ. ಅದನ್ನು ಕಂಡರೆ ನಲವತ್ತೊಂದರ ಮೇಲೆ ನಿಂತ ಅವರ ಬೆರಳು ಕಾಣುತ್ತಿತ್ತು. ಧಾರವಾಡದಿಂದ ಎರಡು ಸಲ ಫೋನ್ ಬಂದಿತ್ತು. ಹೆಸರು ನೋಡಿ ಎತ್ತಲಿಲ್ಲ. ಮುಂದೆ ಆಲುವದ ಹತ್ತಿರದ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು, ಮಗಳ ಜೊತೆ ಇರುವಂತಾಯಿತು. ಆದರೂ ಇಷ್ಟು ವರ್ಷವೂ ತಿರುವನಂತಪುರದ ಲಕೋಟೆ ಬಂದರೆ ಆ ಹಾಳೆಯೇ ಬಂತು ಎಂದುಕೊಳ್ಳುತ್ತಿದ್ದೆ.

ಮೂರು ವಾರದ ಹಿಂದೆ ಹಳೆಯ ಆಫೀಸಿನಲ್ಲಿ ಜೊತೆಗಿದ್ದ ಹಿರಿಯ ಚೇಚಿ ಫೋನ್ ಮಾಡಿ, "ಟೀಚರ್ ಪೋಯಿ ಮೋಳೇ" ಎಂದರು. ಟೀಚರ್ ತೀರಿಹೋದರು... ಅಷ್ಟೇ. ಅಳು ಬರುವ ಮೊದಲು, ನಾಚಿಕೆಯಾಗುತ್ತದೆ ಹೇಳಲು, ಇನ್ನು ಯಾರೂ ಕೇಳುವವರಿಲ್ಲ ಎಂಬ ಸಮಾಧಾನ ಬಂತು. ಅಳು ಬಂದದ್ದು ಎರಡು ದಿನ ಕಳೆದ ಮೇಲೆ, ಮೀನು ಮಾರ್ಕೆಟ್ಟಿನ ಮುಂದೆ, ಆಟೋದಲ್ಲಿ.

ಮೊನ್ನೆಯ ಆ ಭಾನುವಾರ, ಟ್ರಂಕಿನ ಮುಂದೆ ನೆಲದ ಮೇಲೆ ಕೂತಲ್ಲೇ, ಕಡೆಗೂ ದಾರ ಬಿಚ್ಚಿದೆ. ಪತ್ರಿಕೆಯ ಒಳಗೆ ಇನ್ನೊಂದು ಕಾಗದ, ಅಡಿಪಟ್ಟಿಗೆ ಬಿಗಿಯಾಗಿ ಸುತ್ತಿತ್ತು. ಬಿಡಿಸಿದೆ. ನಲವತ್ತರವರೆಗೆ ಟೀಚರ್ ಹಾಕಿದ ನೀಲಿ ಟಿಕ್. ಅದರ ಕೆಳಗೆ ಖಾಲಿ. ಅಡಿಯಲ್ಲಿ ಅವಸರದ ನನ್ನ ಸಹಿ. ಪಕ್ಕದಲ್ಲಿ ಅವರ ಸಹಿಯ ಜಾಗ ಹಾಗೇ ಬಿಟ್ಟಿತ್ತು.

ಅಂದರೆ ಅವರಿಗೆ ಗೊತ್ತಿತ್ತು. ಯಾರಿಗೆ ತಿಳಿಯುವುದೋ ಎಂದು ನಾನು ಇಷ್ಟು ವರ್ಷ ನಡುಗಿದೆನೋ, ಅವರಿಗೆ ಮೊದಲೇ ತಿಳಿದಿತ್ತು. ಸಮಿತಿಯ ಕೈಗೆ ಸಿಗಬಾರದೆಂದು ತೆಗೆದು, ಸುತ್ತಿ, ನನ್ನ ಮೇಜಿನ ಮೇಲೇ ತಂದಿಟ್ಟು ಹೋಗಿದ್ದರು. ಎರಡು ಸಲ ಫೋನ್ ಮಾಡಿದ್ದರು.

ಮಗಳು ಬಂದು ಪಕ್ಕದಲ್ಲಿ ಕೂತಳು. "ಇತೆಂದಾ ಅಮ್ಮೇ?" ಎಂದು ಮಲಯಾಳಂನಲ್ಲಿ ಇದೇನೆಂದು ಕೇಳಿದಳು. ನಾನು ಯಾವಾಗಲೂ ಕನ್ನಡದಲ್ಲೇ ಉತ್ತರ ಕೊಡುವುದು, ಅವಳಿಗೆ ಅರ್ಥವಾಗುತ್ತದೆ. ಆದರೆ ಈ ಸಲದ ಉತ್ತರ ಅವಳಿಗಲ್ಲ. ಅಡಿಪಟ್ಟಿಯನ್ನು ನಲವತ್ತೊಂದನೆಯ ಸಾಲಿನ ಕೆಳಗಿಟ್ಟು, ಗಟ್ಟಿಯಾಗಿಯೇ ಹೇಳಿದೆ.

"ಓದಿರಲಿಲ್ಲ ಟೀಚರ್."