ಮುಳಿ ಬೆಳೆಸಿದ ಪೋಸ್ಟಿನವರು

ನಮ್ಮ ಊರಿಗೆ ಕಾಗದ ಹಂಚುತ್ತಿದ್ದ ಪೋಸ್ಟಿನವರು ಎಲ್ಲಿ ಕೂತರೂ ಮೊದಲು ಪಂಚೆಗೆ ಅಂಟಿದ ಹುಲ್ಲಿನ ಬೀಜ ಹೆಕ್ಕಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಉದ್ದು ಬೆಳೆಯುತ್ತಿದ್ದ ಅವರ ಗುಡ್ಡದ ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದಿತ್ತು. ಅಲ್ಲಿ ಹಿಂದೆ ಇದ್ದ ಮುಳಿಹುಲ್ಲನ್ನೇ ಮತ್ತೆ ಬೆಳೆಸಬೇಕೆಂಬುದು ಅವರ ಹಟ. ಹರೆಯದಲ್ಲಿ ಮನೆಯ ಮಾಡಿಗೆ ಹೊದಿಸಲು ಮುಳಿ ಕೊಯ್ದವಳು ನಾನು. ಯಾವುದು ಊರಿನ ಹುಲ್ಲು, ಯಾವುದು ಹೊರಗಿನ ಕಳೆ ಎಂದು ತೋರಿಸಿಕೊಟ್ಟೆ. ಆರು ಮಳೆಗಾಲ ಇಬ್ಬರೂ ಕಳೆ ಕಿತ್ತೆವು. ಯಾರಾದರೂ ನಕ್ಕರೆ, "ಹುಲ್ಲು ಅಂದ್ರೆ ಖಾಲಿ ಜಾಗ ಅಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಏಳನೆಯ ಮಳೆಗಾಲ. ಅವರು ಮದುವೆಗೆಂದು ಬಂಟ್ವಾಳಕ್ಕೆ ಹೋದ ದಿನ ಊರಿನ ಮುಖಂಡನೊಬ್ಬ ಜೆಸಿಬಿ ತಂದು, ಆ ಹುಲ್ಲಿನಲ್ಲಿ ಗುಂಡಿ ತೋಡಿಸಿ ಅಕೇಶಿಯಾ ನೆಡಿಸಿದ. ಬೇಡ ಎಂದು ಅಡ್ಡ ನಿಂತೆ.

"ನಿಮಗೆ ಗೊತ್ತಾಗುದಿಲ್ಲ ಅಜ್ಜಿ. ಬರೀ ಹುಲ್ಲು ಉಂಟಲ್ಲ ಇಲ್ಲಿ? ಪರಿಸರಕ್ಕೆ ಮರ ಒಳ್ಳೇದು."

ಪರಿಸರವಂತೆ! ಮುಳಿ ತುಳಿದು ನಿಂತೇ ಫೋಟೋ ಹೊಡೆಸಿಕೊಂಡ, ನಾಚಿಕೆಗೆಟ್ಟವ.

ಮರುದಿನ ಪೋಸ್ಟಿನವರು ಗಿಡಗಳನ್ನೆಲ್ಲ ಕಿತ್ತು ಬುಟ್ಟಿಗೆ ತುಂಬಿದರು. ಬುಟ್ಟಿ ಹೊತ್ತು ನಾನೂ ಹೋದೆ. ಮುಖಂಡನ ಅಂಗಳದಲ್ಲಿ ಪೇಟೆಯಿಂದ ತರಿಸಿ ಹಾಸಿದ ಹುಲ್ಲಿತ್ತು. ಇವರು ಅದರ ನಡುವಿಗೆ ಹೋಗಿ ಪಿಕ್ಕಾಸು ಎತ್ತಿದರು.

ಅವನು ಓಡಿ ಬಂದ. "ಎಂತ ಮಾಡುದು ಮಾರಾಯ್ರೆ? ಅದು ನೆಟ್ಟು ಬೆಳೆಸಿದ್ದು!"

"ಹೌದಾ? ಬರೀ ಹುಲ್ಲು ಅಂತ ಎಣಿಸಿದೆ."

ನನಗಾದರೆ ಒಂದು ಗುಂಡಿಯಾದರೂ ತೋಡಬೇಕೆಂದಿತ್ತು. ಇವರು ಪಿಕ್ಕಾಸು ಇಳಿಸಿ, ಬುಟ್ಟಿ ಅಲ್ಲೇ ಇಡಿಸಿ ಹೊರಟುಬಿಟ್ಟರು.

ದಾರಿಯ ಮೋರಿಯ ಮೇಲೆ ಕೂತಾಗ ಅವರ ಕೈ ಪಂಚೆಯನ್ನು ತಡವಿತು. ಮಳೆಗಾಲದಲ್ಲಿ ಬೀಜ ಎಲ್ಲಿಂದ ಬರಬೇಕು? ಉಳಿದ ಮುಳಿಯಲ್ಲಿ ಬೀಜ ಬಲಿತು ಅಷ್ಟು ಗುಂಡಿಗಳಲ್ಲಿ ಬಿತ್ತಲು ದೀಪಾವಳಿ ಕಳೆಯುವವರೆಗೆ ಕಾಯಬೇಕಾಯಿತು.